ಒಎಲ್‌ಇಡಿ ದಕ್ಷತೆ: ಯಾವ ಸೋರಿಕೆ ಮೊದಲು ಮುಚ್ಚಬೇಕು?

“ಸರ್, ಎಫಿಶಿಯೆನ್ಸಿ ಜಾಸ್ತಿ ಆಗ್ಬೇಕಂದ್ರೆ ಯಾವ ಮೆಟೀರಿಯಲ್ ಹಾಕ್ಲಿ?”

ಕರೆಂಟ್ ಹರಿದಾಗ ತಾನೇ ಬೆಳಗುವ ಸಾವಯವ ಪದರಗಳ ಸಾಧನ ಒಎಲ್‌ಇಡಿ. ಅದರ ಮೇಲೆ ಪ್ರಾಜೆಕ್ಟ್ ಹಿಡಿದ ಎಂಎಸ್ಸಿ, ಎಂಟೆಕ್ ವಿದ್ಯಾರ್ಥಿಗಳು ಮೊದಲು ಕೇಳುವುದು ಇದನ್ನೇ. ಮಣ್ಣು ಎಂಥದ್ದು ಅಂತ ಹೇಳದೆ ಗೊಬ್ಬರದಂಗಡಿಯಲ್ಲಿ “ಒಳ್ಳೇ ಗೊಬ್ಬರ ಕೊಡಿ” ಅಂದ ಹಾಗೆ. ಅಂಗಡಿಯವನು ಕೊಡುತ್ತಾನೆ, ದುಬಾರಿಯದನ್ನೇ ಕೊಡುತ್ತಾನೆ. ಒಎಲ್‌ಇಡಿ ಲೋಕದಲ್ಲಿ ಆ ದುಬಾರಿ ಗೊಬ್ಬರದ ಹೆಸರು ಇರಿಡಿಯಮ್ ಎಂಬ ಲೋಹ. ಅದನ್ನು ಹಾಕಿದ ಮೇಲೂ ಬೆಳಕು ಏರದಿದ್ದಾಗ ತಲೆ ಕೆರೆದುಕೊಳ್ಳುವ ಸರದಿ ನಮ್ಮದು.

ಹಾಗಾಗಿ ಇಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳೋಣ. ನಿಮ್ಮ ಸಾಧನದಲ್ಲಿ ಬೆಳಕು ಎಲ್ಲಿ ಸೋರುತ್ತಿದೆ? ಯಾವ ದಾರಿ ಯಾವ ಸೋರಿಕೆ ಮುಚ್ಚುತ್ತದೆ? ಅದಕ್ಕೆ ತೆರಬೇಕಾದ ಬೆಲೆ ಎಷ್ಟು?

ನಾಲ್ಕು ಸೋರಿಕೆ, ಒಂದು ಗುಣಾಕಾರ

ನಾಲೆಯ ಕೊನೆ ಭಾಗದ ರೈತರಿಗೆ ಈ ಲೆಕ್ಕ ಬಾಯಿಪಾಠ. ಜಲಾಶಯದಲ್ಲಿ ಎಷ್ಟು ನೀರು ಬಿಟ್ಟರು ಅನ್ನುವುದಕ್ಕೂ ತನ್ನ ಗದ್ದೆಗೆ ಎಷ್ಟು ಮುಟ್ಟಿತು ಅನ್ನುವುದಕ್ಕೂ ನಡುವೆ ಇರುವ ಒಂದೊಂದು ತೂಬೂ ಬಂದ ನೀರಿನ ಒಂದು ಪಾಲನ್ನು ನುಂಗುತ್ತದೆ. ಒಎಲ್‌ಇಡಿಯಲ್ಲಿ ಬಿಟ್ಟ ನೀರು ಎಂದರೆ ಎಲೆಕ್ಟ್ರಾನ್, ಗದ್ದೆಗೆ ಮುಟ್ಟಿದ್ದು ಎಂದರೆ ಕಣ್ಣಿನ ಕಡೆಗೆ ಹೊರಟ ಫೋಟಾನ್. ನೂರು ಎಲೆಕ್ಟ್ರಾನ್ ಕಳಿಸಿದರೆ ಎಷ್ಟು ಫೋಟಾನ್ ಹೊರಬಂದವು ಅನ್ನುವುದೇ ಬಾಹ್ಯ ಕ್ವಾಂಟಮ್ ದಕ್ಷತೆ. ಪ್ರಯೋಗಾಲಯದಲ್ಲಿ ಇದನ್ನು ಎಲ್ಲರೂ ಇಕ್ಯೂಇ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಆ ನೂರರಲ್ಲಿ ಮೊದಲು ನೋಡಬೇಕಾದದ್ದು ಎಷ್ಟು ಎಲೆಕ್ಟ್ರಾನ್‌ಗಳಿಗೆ ಜೋಡಿ ಹೋಲ್ ಸಿಕ್ಕಿತು ಅನ್ನುವುದು. ಹೋಲ್ ಅಂದರೆ ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ. ಜೋಡಿಯಾದವು ಎಕ್ಸೈಟಾನ್ ಆಗುತ್ತವೆ. ಅವುಗಳಲ್ಲಿ ಬೆಳಕು ಕೊಡಲು ಅನುಮತಿ ಇರುವವು ಎಷ್ಟು ಅನ್ನುವುದು ಎರಡನೆಯದು. ಅನುಮತಿ ಇದ್ದೂ ಶಾಖವಾಗಿ ಹೋಗದೆ ನಿಜವಾಗಿ ಬೆಳಗಿದವು ಎಷ್ಟು ಅನ್ನುವುದು ಮೂರನೆಯದು. ಬೆಳಗಿದ ಬೆಳಕಿನಲ್ಲಿ ಗಾಜು ದಾಟಿ ಹೊರಗೆ ಬಂದದ್ದು ಎಷ್ಟು ಅನ್ನುವುದು ನಾಲ್ಕನೆಯದು. ನಾಲ್ಕನ್ನೂ ಗುಣಿಸಿದರೆ ಇಕ್ಯೂಇ.

ಎರಡನೆಯ ಅಂಶದ ಮೇಲೆ ಕ್ವಾಂಟಮ್ ಸಂಖ್ಯಾಶಾಸ್ತ್ರದ ಕಟ್ಟಳೆ ಇದೆ. ಜೋಡಿಯಾದ ಎಕ್ಸೈಟಾನ್‌ಗಳಲ್ಲಿ ಶೇ 25 ಸಿಂಗ್ಲೆಟ್, ಶೇ 75 ಟ್ರಿಪ್ಲೆಟ್; ಜೋಡಿಯ ಎರಡು ಕಣಗಳ ಸ್ಪಿನ್ ಎಂಬ ಗುಣ ಹೇಗೆ ಕೂಡಿತು ಅನ್ನುವುದರ ಮೇಲೆ ಈ ಎರಡು ಬಗೆ. ಸಾಮಾನ್ಯ ಸಾವಯವ ಅಣುವಿನಲ್ಲಿ ಸಿಂಗ್ಲೆಟ್ ಮಾತ್ರ ಬೆಳಗುತ್ತದೆ, ಟ್ರಿಪ್ಲೆಟ್ ಸುಮ್ಮನೆ ಬಿಸಿಯಾಗಿ ಕಳೆದುಹೋಗುತ್ತದೆ. ನಾಲ್ಕನೆಯ ಅಂಶ, ಏನೂ ಉಪಾಯ ಮಾಡದಿದ್ದರೆ, ಸುಮಾರು ಶೇ 20. ಮಿಕ್ಕ ಎರಡೂ ಪೂರ್ತಿ ಶೇ 100 ಇದ್ದರೂ ಸಿಂಗ್ಲೆಟ್ ಮಾತ್ರ ಬೆಳಗುವ ಇಂಥ ಸಾದಾ ಫ್ಲೋರಸೆಂಟ್ ಸಾಧನದ ಮಿತಿ 0.25 × 0.20, ಅಂದರೆ ಶೇ 5. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ತೆಳು ಪದರದ ಸಾಧನ ಮಾಡಿ 10 ವೋಲ್ಟಿಗಿಂತ ಕಡಿಮೆಯಲ್ಲಿ ಹಸಿರು ಬೆಳಕು ತಂದಾಗ ಸಿಕ್ಕಿದ್ದು ಶೇ 1ರ ಆಸುಪಾಸು. ಈಗ ಶೇ 30 ದಾಟಿದ ವರದಿಗಳಿವೆ. ನಡುವಿನ ಕಥೆ ಪೂರಾ ಈ ನಾಲ್ಕು ತೂಬುಗಳದ್ದು.

ಯಾವ ಅಂಕಿಯನ್ನು ನಂಬಬೇಕು

ಹೋಲಿಕೆಗೆ ಕೂರುವ ಮೊದಲು ತಕ್ಕಡಿ ಸರಿಯಿದೆಯೇ ನೋಡಿ. ಒಎಲ್‌ಇಡಿಗೆ ಮೂರು ತಕ್ಕಡಿಗಳಿವೆ. ಇಕ್ಯೂಇ ಫೋಟಾನ್ ಎಣಿಸುತ್ತದೆ. ಕ್ಯಾಂಡೆಲಾ ಪ್ರತಿ ಆಂಪಿಯರ್ ಅನ್ನುವುದು ಕಣ್ಣಿಗೆ ಕಾಣುವ ಬೆಳಕನ್ನು ಕರೆಂಟಿಗೆ ಹೋಲಿಸುತ್ತದೆ. ಲ್ಯೂಮೆನ್ ಪ್ರತಿ ವ್ಯಾಟ್ ಅನ್ನುವುದು ವೋಲ್ಟೇಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕರೆಂಟ್ ಬಿಲ್ಲಿಗೆ, ಬ್ಯಾಟರಿಗೆ ಸಂಬಂಧವಿರುವುದು ಕೊನೆಯದು ಮಾತ್ರ. ಪ್ರಬಂಧಗಳಲ್ಲಿ ಎದೆಯುಬ್ಬಿಸಿ ನಿಲ್ಲುವುದು ಮೊದಲನೆಯದು.

ನೀಲಿ ಮತ್ತು ಹಸಿರನ್ನು ಕ್ಯಾಂಡೆಲಾ ಪ್ರತಿ ಆಂಪಿಯರ್‌ನಲ್ಲಿ ಹೋಲಿಸುವುದಂತೂ ಅನ್ಯಾಯ. ನಮ್ಮ ಕಣ್ಣು 555 ನ್ಯಾನೋಮೀಟರ್ ಹಸಿರಿಗೆ ಚುರುಕು, ನೀಲಿಗೆ ಮಂದ. ಅದಕ್ಕೇ ಉದ್ಯಮದವರು ನೀಲಿ ಸಾಧನಗಳಿಗೆ ಆ ಅಂಕಿಯನ್ನು ಬಣ್ಣದ ನಕ್ಷೆಯಲ್ಲಿ ಆ ನೀಲಿಯ ವೈ ನಿರ್ದೇಶಾಂಕದಿಂದ ಭಾಗಿಸಿ ‘ಬ್ಲೂ ಇಂಡೆಕ್ಸ್’ ಅಂತ ಇಟ್ಟುಕೊಂಡಿದ್ದಾರೆ.

ಇನ್ನೊಂದು ಎಚ್ಚರಿಕೆ. ‘ಗರಿಷ್ಠ ಇಕ್ಯೂಇ’ ಎಂದು ಅಚ್ಚಾದ ಅಂಕಿ ಹಲವು ಬಾರಿ ಕಣ್ಣಿಗೆ ಕಂಡೂ ಕಾಣದ ಮಂದ ಬೆಳಕಿನಲ್ಲಿ ಅಳೆದದ್ದು. ಕರೆಂಟ್ ಏರಿಸಿದ ಹಾಗೆ ದಕ್ಷತೆ ಇಳಿಯುತ್ತದೆ, ಅದಕ್ಕೆ ರೋಲ್-ಆಫ್ ಎನ್ನುತ್ತಾರೆ. ಎರಡು ಪ್ರಬಂಧ ಪಕ್ಕದಲ್ಲಿಟ್ಟು ಹೋಲಿಸುವಾಗ ನಾನು ಗರಿಷ್ಠದ ಸಾಲನ್ನು ಬಿಟ್ಟು ನೇರ, ಹೊಳಪಿನ ಅಳತೆಯಾದ ನಿಟ್ ಲೆಕ್ಕದಲ್ಲಿ, 1000 ನಿಟ್‌ನಲ್ಲಿ ಎಷ್ಟು ಅಂತ ಹುಡುಕುತ್ತೇನೆ. ಆ ಅಂಕಿ ಎಲ್ಲೂ ಕೊಡದಿದ್ದರೆ ಅದೇ ಒಂದು ಉತ್ತರ.

ಬೆಳಗುವ ಅಣು: ನಾಲ್ಕು ತಲೆಮಾರು

ಮೊದಲ ತಲೆಮಾರು ಫ್ಲೋರಸೆಂಟ್. ಅಗ್ಗ, ಗಟ್ಟಿ, ನ್ಯಾನೋಸೆಕೆಂಡುಗಳಲ್ಲಿ ಬೆಳಗಿ ಮುಗಿಯುತ್ತದೆ. ನಾಲ್ಕರಲ್ಲಿ ಮೂರು ಪಾಲು ಟ್ರಿಪ್ಲೆಟ್ ದಂಡವಾಗುವುದೊಂದೇ ಕೊರತೆ. ಅದಕ್ಕೂ ಅರ್ಧ ಮದ್ದು ಇದೆ: ಎರಡು ಟ್ರಿಪ್ಲೆಟ್‌ಗಳು ಡಿಕ್ಕಿ ಹೊಡೆದು ಒಂದು ಸಿಂಗ್ಲೆಟ್ ಆಗುವ ಹಾಗೆ ಬೆಳಗುವ ಅಣುವನ್ನು ಬೆರೆಸಿಡುವ ಆತಿಥೇಯ ಅಣುವನ್ನು ಆರಿಸಿದರೆ ಒಳಗಿನ ಮಿತಿ ಶೇ 25ರಿಂದ ಶೇ 62.5ರವರೆಗೆ ಏರಬಹುದು. ಟಿಟಿಎ ಎಂದು ಕರೆಯುವ ಈ ತಂತ್ರವೇ ಇವತ್ತಿನ ಫೋನ್‌ಗಳ ನೀಲಿ ಪಿಕ್ಸೆಲ್‌ಗೆ ಆಧಾರ.

ಎರಡನೆಯದು ಫಾಸ್ಫರೆಸೆಂಟ್. 1998ರಲ್ಲಿ ಮಾರ್ಕ್ ಬಾಲ್ಡೊ, ಸ್ಟೀಫನ್ ಫಾರೆಸ್ಟ್, ಮಾರ್ಕ್ ಥಾಂಪ್ಸನ್ ಮತ್ತು ಸಂಗಡಿಗರು ಪ್ಲಾಟಿನಮ್ ಇರುವ ಕೆಂಪು ಅಣುವಿನಿಂದ ಟ್ರಿಪ್ಲೆಟ್ ಬೆಳಕನ್ನು ಹೊರಗೆ ತೆಗೆದರು. ಮುಂದಿನ ವರ್ಷ ಅದೇ ಕೆಲಸಕ್ಕೆ ಇರಿಡಿಯಮ್ ಬಂತು. ಭಾರದ ಪರಮಾಣು ಅಣುವಿನ ನಡುವೆ ಕೂತರೆ ಸ್ಪಿನ್ ಕಟ್ಟಳೆ ಸಡಿಲಗೊಂಡು ಟ್ರಿಪ್ಲೆಟ್‌ಗೂ ಬೆಳಗಲು ಪರವಾನಗಿ ಸಿಗುತ್ತದೆ. 2001ರ ಹೊತ್ತಿಗೆ ಹಸಿರು ಸಾಧನದಲ್ಲಿ ಶೇ 19 ಇಕ್ಯೂಇ ಬಂತು, ಅಂದರೆ ಒಳಗಿನ ದಕ್ಷತೆ ಹೆಚ್ಚುಕಡಿಮೆ ಪೂರ್ತಿ. ಎರಡನೆಯ ತೂಬು ಅಲ್ಲಿಗೆ ಮುಚ್ಚಿತು. ಕೆಂಪು ಮತ್ತು ಹಸಿರಿಗೆ ಇವತ್ತೂ ನನ್ನ ಉತ್ತರ ಇದೇ: ಕಣ್ಣುಮುಚ್ಚಿ ಇರಿಡಿಯಮ್ ಹಾಕಿ. ಮಾರುಕಟ್ಟೆಯಲ್ಲಿರುವ ಫೋನ್‌ಗಳೂ ಅದನ್ನೇ ಹಾಕಿಕೊಂಡಿವೆ. ಬೆಲೆ ಹೆಚ್ಚು, ಪೇಟೆಂಟ್ ಗೋಡೆ ಎತ್ತರ. ಆದರೆ ಬೆಳಗುವ ಪದರ ಕೆಲವು ಹತ್ತು ನ್ಯಾನೋಮೀಟರ್ ದಪ್ಪ, ಅದರಲ್ಲಿ ಇರಿಡಿಯಮ್ ಸಂಯುಕ್ತದ ಪಾಲು ಶೇ 5ರಿಂದ 10. ಒಂದು ಫಲಕಕ್ಕೆ ಹೋಗುವ ಲೋಹ ಚಿಟಿಕೆಗಿಂತ ಎಷ್ಟೋ ಕಡಿಮೆ.

ಮೂರನೆಯದು ಟಿಎಡಿಎಫ್, ಕನ್ನಡದಲ್ಲಿ ಬಿಡಿಸಿ ಹೇಳಿದರೆ ಶಾಖದ ನೆರವಿನಿಂದ ತಡವಾಗಿ ಬರುವ ಫ್ಲೋರಸೆನ್ಸ್. 2012ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಚಿಹಾಯಾ ಅದಾಚಿ ತಂಡ ಲೋಹವಿಲ್ಲದ ಅಣುವಿನಿಂದ ಶೇ 19ಕ್ಕೂ ಹೆಚ್ಚು ಇಕ್ಯೂಇ ತೋರಿಸಿತು. ಉಪಾಯ ಸರಳ, ಮಾಡುವುದು ಕಷ್ಟ. ಎಲೆಕ್ಟ್ರಾನ್ ಕೊಡುವ ಭಾಗವನ್ನೂ ತೆಗೆದುಕೊಳ್ಳುವ ಭಾಗವನ್ನೂ ಅಣುವಿನಲ್ಲಿ ದೂರ ಇಟ್ಟರೆ ಸಿಂಗ್ಲೆಟ್ ಮತ್ತು ಟ್ರಿಪ್ಲೆಟ್ ನಡುವಿನ ಶಕ್ತಿಯ ಅಂತರ 0.1 ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ. ಆಗ ಕೋಣೆಯ ಬಿಸಿಯೇ ಟ್ರಿಪ್ಲೆಟ್‌ಗಳನ್ನು ಮೇಲಕ್ಕೆ ಎತ್ತಿ ಸಿಂಗ್ಲೆಟ್ ಮಾಡುತ್ತದೆ.

ಕಾಲೇಜು ಪ್ರಯೋಗಾಲಯಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಆ 2012ರ ಹಸಿರು ಅಣು, 4ಸಿಝಡ್‌ಐಪಿಎನ್, ಕಾರ್ಬಜೋಲ್ ಮತ್ತು ಟೆಟ್ರಾಫ್ಲೋರೋಐಸೋಥಾಲೋನೈಟ್ರೈಲ್ ಸೇರಿಸಿ ಒಂದೇ ಹಂತದಲ್ಲಿ ತಯಾರಾಗುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿ ಒಬ್ಬಳು ಜೊತೆಗಿದ್ದರೆ ಸಾಕು. ಕೊರತೆ ಎರಡು. ಬೆಳಕಿನ ಬಣ್ಣ ಹರಡಿಕೊಂಡಿರುತ್ತದೆ, ವರ್ಣಪಟಲದ ಅರ್ಧ ಎತ್ತರದಲ್ಲಿ ಅಗಲ 70ರಿಂದ 100 ನ್ಯಾನೋಮೀಟರ್. ಪರದೆಗೆ ಬೇಕಾದ ಶುದ್ಧ ಬಣ್ಣ ಅದರಿಂದ ಬರಬೇಕಾದರೆ ಫಿಲ್ಟರ್ ಹಾಕಿ ಬೆಳಕು ಕಳೆದುಕೊಳ್ಳಬೇಕು. ಎರಡನೆಯದು ತಡ: ಟ್ರಿಪ್ಲೆಟ್‌ಗಳು ಮೈಕ್ರೋಸೆಕೆಂಡುಗಟ್ಟಲೆ ಕಾಯುತ್ತಾ ನಿಂತಿರುತ್ತವೆ. ಕರೆಂಟ್ ಏರಿದಾಗ ಕಾದು ನಿಂತವರಲ್ಲೇ ನೂಕುನುಗ್ಗಲು, ಒಬ್ಬರನ್ನೊಬ್ಬರು ಕೆಡಿಸಿಕೊಳ್ಳುತ್ತಾರೆ. ಮೇಲೆ ಹೇಳಿದ ರೋಲ್-ಆಫ್‌ಗೆ ಒಂದು ಮುಖ್ಯ ಕಾರಣ ಇದೇ.

ಈ ಎರಡು ಕೊರತೆಗೆ ಎರಡು ಮದ್ದು ಬಂದಿವೆ. ಒಂದು ಹೈಪರ್‌ಫ್ಲೋರಸೆನ್ಸ್, ಇದನ್ನೇ ನಾಲ್ಕನೆಯ ತಲೆಮಾರು ಎನ್ನುವುದು. ಟಿಎಡಿಎಫ್ ಅಣು ಎಕ್ಸೈಟಾನ್‌ಗಳನ್ನು ಸೇರಿಸಿಕೊಡುವ ದಲ್ಲಾಳಿ ಮಾತ್ರ, ಬೆಳಗುವುದು ಪಕ್ಕದಲ್ಲಿರುವ ಬೇರೆ ಫ್ಲೋರಸೆಂಟ್ ಅಣು. ಆ ಅಣುವನ್ನು ಶೇ 1ರಷ್ಟು ಮಾತ್ರ ಬೆರೆಸಬೇಕು. ಹೆಚ್ಚಾದರೆ ಟ್ರಿಪ್ಲೆಟ್‌ಗಳು ನೇರ ಅದಕ್ಕೇ ಹಾರಿ ವ್ಯರ್ಥವಾಗುತ್ತವೆ. ಮೂರು ವಸ್ತುಗಳನ್ನು ಒಟ್ಟಿಗೆ ಆವಿ ಮಾಡಿ, ಅದರಲ್ಲಿ ಒಂದನ್ನು ಶೇ 1ಕ್ಕೆ ಹಿಡಿದಿಡುವುದು ಹೇಳಿದಷ್ಟು ಸುಲಭವಲ್ಲ. ಮೂರು ಮೂಲಗಳಿರುವ ಆವಿ ಕೋಣೆ ನಿಮ್ಮಲ್ಲಿಲ್ಲವಾದರೆ ಈ ದಾರಿಯ ಆಸೆ ಬಿಡಿ.

ಇನ್ನೊಂದು ಮದ್ದು ನನಗೆ ಹೆಚ್ಚು ಇಷ್ಟ. ಜಪಾನಿನ ತಕುಜಿ ಹತಕೆಯಾಮ 2016ರಲ್ಲಿ ಬೋರಾನ್ ಮತ್ತು ನೈಟ್ರೋಜನ್‌ಗಳನ್ನು ಒಂದೇ ಗಟ್ಟಿ ಚಪ್ಪಟೆ ಚೌಕಟ್ಟಿನಲ್ಲಿ ಹೆಣೆದು ಡಾಬ್ನಾ ಎಂಬ ಅಣು ಕಟ್ಟಿದರು. ಕೊಡುವವನು, ಕೊಳ್ಳುವವನು ಬೇರೆ ಬೇರೆ ಮನೆಯಲ್ಲಿಲ್ಲ; ಒಂದೇ ಚೌಕಟ್ಟಿನ ಎಡಬಲ ಪರಮಾಣುಗಳಲ್ಲಿ ಹಂಚಿಕೊಂಡಿದ್ದಾರೆ. ಅಣು ಅಲುಗಾಡುವುದಿಲ್ಲ, ಹಾಗಾಗಿ ಬಣ್ಣ ಚೊಕ್ಕ. 2019ರಲ್ಲಿ ಬಂದ ಅದರ ತಮ್ಮ ನ್ಯೂ-ಡಾಬ್ನಾ 469 ನ್ಯಾನೋಮೀಟರ್ ನೀಲಿಯಲ್ಲಿ 18 ನ್ಯಾನೋಮೀಟರ್ ಅಗಲ, ಶೇ 34.4 ಗರಿಷ್ಠ ಇಕ್ಯೂಇ ತೋರಿಸಿತು. ಅಷ್ಟು ಇಕ್ಕಟ್ಟಾದ ನೀಲಿ ಗ್ಯಾಲಿಯಮ್ ನೈಟ್ರೈಡ್ ಎಲ್‌ಇಡಿಗೂ ಸವಾಲು ಹಾಕುವಂಥದ್ದು.

ನೀಲಿ ಯಾಕೆ ಇಷ್ಟು ಕಾಡುತ್ತದೆ

ಫೋನ್ ಪರದೆಯಲ್ಲಿ ಕೆಂಪು, ಹಸಿರು ಎರಡೂ ಫಾಸ್ಫರೆಸೆಂಟ್ ಆಗಿ ವರ್ಷಗಳಾದವು. ನೀಲಿ ಇನ್ನೂ ಫ್ಲೋರಸೆಂಟ್ ಆಗಿಯೇ ಉಳಿದದ್ದಕ್ಕೆ ದಕ್ಷತೆ ಕಾರಣವಲ್ಲ, ಆಯಸ್ಸು ಕಾರಣ. ನೀಲಿ ಫೋಟಾನಿನ ಶಕ್ತಿ ಸುಮಾರು 2.7 ಎಲೆಕ್ಟ್ರಾನ್‌ವೋಲ್ಟ್. ಎರಡು ಎಕ್ಸೈಟಾನ್ ಡಿಕ್ಕಿ ಹೊಡೆದರೆ ಅದರ ದುಪ್ಪಟ್ಟು ಶಕ್ತಿ ಒಂದೇ ಕಡೆ ಸೇರುತ್ತದೆ. ಅಷ್ಟು ಶಕ್ತಿ ಕಾರ್ಬನ್-ನೈಟ್ರೋಜನ್ ಬಂಧವನ್ನು ಕಿತ್ತುಹಾಕಲು ಸಾಕು. ಟ್ರಿಪ್ಲೆಟ್ ಹೆಚ್ಚು ಹೊತ್ತು ನಿಂತಷ್ಟೂ ಡಿಕ್ಕಿಯ ಸಾಧ್ಯತೆ ಹೆಚ್ಚು. ಹಾಗಾಗಿ ಫಾಸ್ಫರೆಸೆಂಟ್ ನೀಲಿ ಚೆನ್ನಾಗಿ ಬೆಳಗುತ್ತದೆ, ಬೇಗ ಸಾಯುತ್ತದೆ.

2025ರ ಮೇನಲ್ಲಿ ಎಲ್‌ಜಿ ಡಿಸ್‌ಪ್ಲೇ ಇದಕ್ಕೊಂದು ರಾಜಿ ಸೂತ್ರ ಪ್ರಕಟಿಸಿತು: ಕೆಳಗೆ ಫ್ಲೋರಸೆಂಟ್ ನೀಲಿ, ಮೇಲೆ ಫಾಸ್ಫರೆಸೆಂಟ್ ನೀಲಿ, ಎರಡು ಅಂತಸ್ತು. ವಿದ್ಯುತ್ ಉಳಿತಾಯ ಸುಮಾರು ಶೇ 15 ಎಂಬುದು ಕಂಪನಿಯ ಮಾತು. ಒಂದಕ್ಕೆ ಆಯಸ್ಸು, ಇನ್ನೊಂದಕ್ಕೆ ದಕ್ಷತೆ. ಪೂರ್ತಿ ಗೆಲುವಲ್ಲ, ಆದರೆ ಇಪ್ಪತ್ತು ವರ್ಷ ‘ಇನ್ನೇನು ಬಂತು’ ಎಂದು ಕೇಳಿಸಿಕೊಂಡ ವಸ್ತು ಕಾರ್ಖಾನೆಯ ಬಾಗಿಲಿಗೆ ಬಂದದ್ದು ಸಣ್ಣ ವಿಷಯವೂ ಅಲ್ಲ. ಹೈಡ್ರೋಜನ್ ಬದಲು ಅದರದೇ ಭಾರದ ರೂಪ ಡ್ಯೂಟೀರಿಯಮ್ ಹಾಕಿ ಬಂಧಗಳನ್ನು ಗಟ್ಟಿ ಮಾಡುವ ದಾರಿಯೂ ಇದೇ ಕಾಯಿಲೆಗೆ.

ವಿದ್ಯಾರ್ಥಿಯೊಬ್ಬರು ನೀಲಿಯ ಮೇಲೆ ಕೆಲಸ ಮಾಡುತ್ತೇನೆ ಅಂದರೆ ನಾನು ತಡೆಯುವುದಿಲ್ಲ. ಆದರೆ ಎರಡು ವರ್ಷದಲ್ಲಿ ಮುಗಿಯಬೇಕು ಅಂದರೆ ಹಸಿರು ಹಿಡಿಯಿರಿ ಎನ್ನುತ್ತೇನೆ.

ವೋಲ್ಟೇಜು: ಯಾರೂ ಹೊಗಳದ ದಾರಿ

ಒಂದು ಹಸಿರು ಫೋಟಾನಿಗೆ ಬೇಕಾದದ್ದು 2.4 ಎಲೆಕ್ಟ್ರಾನ್‌ವೋಲ್ಟ್. ನಿಮ್ಮ ಸಾಧನ 1000 ನಿಟ್ ಕೊಡಲು 6 ವೋಲ್ಟ್ ಕೇಳುತ್ತಿದ್ದರೆ ಇಕ್ಯೂಇ ಎಷ್ಟೇ ಇರಲಿ, ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಪದರಗಳನ್ನು ದಾಟುವುದರಲ್ಲೇ ಬಿಸಿಯಾಗಿ ಹೋಯಿತು. ಇದನ್ನು ಸರಿಪಡಿಸಿದರೆ ಇಕ್ಯೂಇ ಕದಲದೆ ಲ್ಯೂಮೆನ್ ಪ್ರತಿ ವ್ಯಾಟ್ ದುಪ್ಪಟ್ಟಾಗಬಹುದು. ಪ್ರಬಂಧದ ಶೀರ್ಷಿಕೆಗೆ ಬಾರದ ಕಾರಣಕ್ಕೆ ಹಲವರು ಇತ್ತ ತಿರುಗಿ ನೋಡುವುದಿಲ್ಲ.

ಅಗ್ಗದ ಮೊದಲ ಹೆಜ್ಜೆ ಲಿಥಿಯಮ್ ಫ್ಲೋರೈಡ್. ಅಲ್ಯೂಮಿನಿಯಮ್ ಕ್ಯಾಥೋಡಿನ ಕೆಳಗೆ ಒಂದು ನ್ಯಾನೋಮೀಟರಿಗಿಂತ ತೆಳುವಾಗಿ ಹಾಕಿದರೆ ಎಲೆಕ್ಟ್ರಾನ್ ಸಲೀಸಾಗಿ ಒಳಗೆ ಹೋಗುತ್ತದೆ. ಕೊಡಾಕ್‌ನವರು 1997ರಲ್ಲಿ ತೋರಿಸಿದ ಈ ಉಪಾಯ ಇವತ್ತೂ ಪ್ರತಿ ಪ್ರಯೋಗಾಲಯದಲ್ಲಿದೆ. ದಪ್ಪ ಹಾಕಿದಿರೋ, ಅದು ಅವಾಹಕ, ಬಾಗಿಲು ಮುಚ್ಚಿದಂತೆ. ಮುಂದಿನ ಹೆಜ್ಜೆ ಎಲೆಕ್ಟ್ರಾನ್, ಹೋಲ್ ಒಯ್ಯುವ ಸಾಗಣೆ ಪದರಗಳನ್ನೇ ಡೋಪ್ ಮಾಡುವ, ಅಂದರೆ ವಿದ್ಯುತ್ ಸಲೀಸಾಗಿ ಹರಿಯಲು ಬೇರೆ ವಸ್ತು ಚೂರು ಬೆರೆಸುವ, ಪಿ-ಐ-ಎನ್ ರಚನೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕಾರ್ಲ್ ಲಿಯೋ ಬಳಗ ಬೆಳೆಸಿದ್ದು, ಅಲ್ಲಿಂದ ಹುಟ್ಟಿದ ನೋವಾಲೆಡ್ ಕಂಪನಿಯನ್ನು 2013ರಲ್ಲಿ ಸ್ಯಾಮ್ಸಂಗ್ ಕೊಂಡುಕೊಂಡಿತು. ಹಸಿರು ಸಾಧನ 3 ವೋಲ್ಟ್ ಆಸುಪಾಸಿನಲ್ಲೇ ಉಜ್ವಲವಾಗಿ ಬೆಳಗುವುದು ಇದರಿಂದ ಸಾಧ್ಯವಾಯಿತು.

ಹೋಲ್‌ಗಳನ್ನು ಒಳಗೆ ಬಿಡಲು ಬಳಸುವ ಎಚ್‌ಎಟಿ-ಸಿಎನ್ ತಟ್ಟೆಯಾಕಾರದ ಅಣು. ತಟ್ಟೆಯಾಕಾರ ಅಂದ ಕೂಡಲೇ ಬೆಂಗಳೂರು ನೆನಪಾಗುತ್ತದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರು ತಟ್ಟೆಯಂಥ ಅಣುಗಳೂ ನಾಣ್ಯ ಪೇರಿಸಿದ ಹಾಗೆ ಕಂಬಗಳಾಗಿ ನಿಂತು ದ್ರವ ಸ್ಫಟಿಕವಾಗುತ್ತವೆ ಎಂದು ಜಗತ್ತಿಗೆ ಮೊದಲು ತೋರಿಸಿದರು. ಅಂಥ ಕಂಬಗಳ ಉದ್ದಕ್ಕೆ ವಿದ್ಯುದಾವೇಶ ಚೆನ್ನಾಗಿ ಹರಿಯುತ್ತದೆ ಎಂಬುದು ಆಮೇಲೆ ತಿಳಿದ ಸಂಗತಿ. ಎಚ್‌ಎಟಿ-ಸಿಎನ್ ಆ ವಂಶದ್ದು ಅಂತಲ್ಲ, ಆಕಾರದ ನೆಂಟಸ್ತಿಕೆ ಅಷ್ಟೇ.

ಒಳಗೇ ಸಿಕ್ಕಿಬಿದ್ದ ಬೆಳಕು

ಈಗ ಅತಿ ದೊಡ್ಡ ತೂಬಿಗೆ ಬರೋಣ. ಒಳಗೆ ಹುಟ್ಟಿದ ಬೆಳಕಿನಲ್ಲಿ ಐದರಲ್ಲಿ ನಾಲ್ಕು ಪಾಲು ಹೊರಗೆ ಬರುವುದೇ ಇಲ್ಲ. ಸಾವಯವ ಪದರದ ವಕ್ರೀಭವನ ಸೂಚ್ಯಂಕ 1.7ರಿಂದ 1.8, ಗಾಜಿನದು 1.5, ಗಾಳಿಯದು 1. ಪದವಿ ತರಗತಿಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ ಇಲ್ಲಿ ಶತ್ರು. ಪದರದಿಂದ ಗಾಳಿಗೆ ಲೆಕ್ಕ ಹಾಕಿದರೆ ಕ್ರಾಂತಿಕ ಕೋನ 35 ಡಿಗ್ರಿ. ಅದಕ್ಕಿಂತ ಓರೆಯಾಗಿ ಹೊರಟ ಬೆಳಕೆಲ್ಲ ವಾಪಸು. ಒಂದು ಪಾಲು ಗಾಜಿನೊಳಗೆ ಓಡಾಡಿ ಅಂಚಿನಲ್ಲಿ ಸೋರುತ್ತದೆ. ಇನ್ನೊಂದು ಪಾಲು ಐಟಿಒ ಎಂಬ ಪಾರದರ್ಶಕ ವಿದ್ಯುದ್ವಾರ ಮತ್ತು ಸಾವಯವ ಪದರದ ನಡುವೆ ಸುರಂಗ ಹಿಡಿದು ಹೋಗುತ್ತದೆ. ಮತ್ತೊಂದು ಪಾಲು ಲೋಹದ ಕ್ಯಾಥೋಡಿನ ಮೇಲ್ಮೈಯಲ್ಲಿ ಪ್ಲಾಸ್ಮಾನ್ ಎಂಬ ಎಲೆಕ್ಟ್ರಾನ್ ಅಲೆಯಾಗಿ ಬಿಸಿಯಲ್ಲಿ ಕೊನೆಯಾಗುತ್ತದೆ.

ಮೂರಕ್ಕೂ ಮದ್ದು ಬೇರೆ ಬೇರೆ.

ಗಾಜಿನಲ್ಲಿ ಸಿಕ್ಕಿದ್ದನ್ನು ತೆಗೆಯುವುದು ಸುಲಭ. ಗಾಜಿನ ಹೊರಮೈಗೆ ಸೂಕ್ಷ್ಮ ಮಸೂರಗಳ ಹಾಳೆ ಅಂಟಿಸಿ. 2002ರಲ್ಲಿ ಮೊಲ್ಲರ್ ಮತ್ತು ಫಾರೆಸ್ಟ್ ಇದರಿಂದ ಬೆಳಕನ್ನು 1.5 ಪಟ್ಟು ಮಾಡಿದರು. ದೀಪಕ್ಕೆ ಇದು ಬಹಳ ಚೆನ್ನ. ಪರದೆಗೆ ಹೀಗೆ ಹೊರಗೆ ಅಂಟಿಸಿದರೆ ಒಂದು ಪಿಕ್ಸೆಲಿನ ಬೆಳಕು ದಪ್ಪ ಗಾಜಿನಲ್ಲಿ ಅಡ್ಡ ಹರಿದು ಪಕ್ಕದವನ ಮಸೂರದಲ್ಲಿ ಹೊರಬಂದು ಚಿತ್ರ ಮಸುಕಾಗುತ್ತದೆ. ಎಲ್‌ಜಿ ಡಿಸ್‌ಪ್ಲೇ 2023ರ ಟಿವಿ ಫಲಕಗಳಲ್ಲಿ ಮಸೂರಗಳನ್ನು ಪಿಕ್ಸೆಲಿನ ಬುಡಕ್ಕೇ ಇಟ್ಟು ಈ ತೊಡಕು ದಾಟಿತು. 77 ಇಂಚಿನ ಒಂದು 4ಕೆ ಫಲಕದಲ್ಲಿ 4,240 ಕೋಟಿ ಮಸೂರ! ಸ್ವಾರಸ್ಯ ಏನೆಂದರೆ ಎರಡೇ ವರ್ಷದಲ್ಲಿ, 2025ರ ಹೊಸ ಫಲಕದಲ್ಲಿ, ಅದೇ ಕಂಪನಿ ಮಸೂರ ಕೈಬಿಟ್ಟು ಬೆಳಗುವ ಪದರಗಳನ್ನು ನಾಲ್ಕು ಅಂತಸ್ತಿಗೆ ಏರಿಸಿತು. ಇದಕ್ಕೆ ಮುಂದೆ ಬರುತ್ತೇನೆ.

ಪ್ಲಾಸ್ಮಾನ್ ನಷ್ಟಕ್ಕೆ ಕಾರಣ ಬೆಳಗುವ ಜಾಗ ಲೋಹಕ್ಕೆ ತೀರಾ ಹತ್ತಿರ ಇರುವುದು. ಎಲೆಕ್ಟ್ರಾನ್ ಸಾಗಣೆ ಪದರವನ್ನು ದಪ್ಪ ಮಾಡಿ ದೂರ ಸರಿಸಬಹುದು, ಹಸಿರಿಗೆ ಸುಮಾರು 50ರಿಂದ 70 ನ್ಯಾನೋಮೀಟರ್ ಹಿತ. ಆದರೆ ದಪ್ಪವಾದರೆ ವೋಲ್ಟೇಜ್ ಏರುತ್ತದೆ, ಡೋಪಿಂಗ್ ಇದ್ದರೆ ಮಾತ್ರ ಏರುವುದಿಲ್ಲ. ಯಾರೂ ಹೊಗಳದ ಆ ದಾರಿ ಇಲ್ಲಿ ಸಾಲ ತೀರಿಸುತ್ತದೆ ನೋಡಿ.

ಇವೆಲ್ಲಕ್ಕಿಂತ ನಾಜೂಕಾದ ಉಪಾಯ ಅಣುಗಳನ್ನು ಮಲಗಿಸುವುದು. ಅಣುವಿನ ದ್ವಿಧ್ರುವ, ಅಂದರೆ ಬೆಳಕು ಹೊಮ್ಮಿಸುವ ಆವೇಶದ ಅಲುಗಾಟದ ದಿಕ್ಕು, ಅಡ್ಡ ಮಲಗಿದ್ದರೆ ಬೆಳಕು ನೇರ ಮುಂದಕ್ಕೆ ಹೊರಡುತ್ತದೆ, ನೆಟ್ಟಗೆ ನಿಂತಿದ್ದರೆ ಲೋಹಕ್ಕೆ ಬಲಿ. ಅಣುಗಳು ಮನಬಂದಂತೆ ಚೆಲ್ಲಿದ್ದರೆ ಅಡ್ಡ ಇರುವವು ಶೇ 67. ಪ್ರಸಿದ್ಧ ಹಸಿರು ಇರಿಡಿಯಮ್ ಅಣುವಿನಲ್ಲಿ ಮೂರು ಕೈಗಳೂ ಒಂದೇ ಥರ ಇರುವುದರಿಂದ ಅದು ಹೀಗೇ ಚೆಲ್ಲಿಕೊಳ್ಳುತ್ತದೆ. ಒಂದು ಕೈ ಬದಲಿಸಿ ಅಸಿಟೈಲ್ ಅಸಿಟೋನೇಟ್ ಹಾಕಿದ ಅಣುವಿನಲ್ಲಿ ಅದು ಶೇ 75ರ ಮೇಲೆ ಹೋಗುತ್ತದೆ. ಉದ್ದ ಕೋಲಿನಂಥ ಟಿಎಡಿಎಫ್ ಅಣುಗಳು ಶೇ 90ರ ಹತ್ತಿರ ಮಲಗುತ್ತವೆ. ಮಸೂರವಿಲ್ಲ, ಹಾಳೆಯಿಲ್ಲ, ಖರ್ಚಿಲ್ಲ, ಶೇ 20 ಇದ್ದದ್ದು ಶೇ 30ರ ಕಡೆಗೆ. ಇಕ್ಯೂಇ ಶೇ 30 ದಾಟಿದ ಪ್ರಬಂಧ ಕಂಡಾಗ ಮೊದಲು ಮಲಗಿದ ಅಣುಗಳ ಲೆಕ್ಕ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿಲ್ಲ, ಮಸೂರವೂ ಇಲ್ಲ ಅಂದರೆ ಅಳತೆಯಲ್ಲೇ ಏನೋ ಎಡವಟ್ಟಿದೆ.

ಅಳತೆಯ ಎಡವಟ್ಟಿಗೆ ನಾನೂ ಬಿದ್ದವನೇ. ಒಮ್ಮೆ ಸಾದಾ ಫ್ಲೋರಸೆಂಟ್ ಸಾಧನಕ್ಕೆ ಶೇ 9 ಬಂದು ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಮೂರನೇ ದಿನ ಹಿರಿಯರೊಬ್ಬರು ಬಂದು ಏನೂ ಮಾತಾಡದೆ ಗಾಜಿನ ನಾಲ್ಕೂ ಅಂಚಿಗೆ ಕಪ್ಪು ಟೇಪ್ ಅಂಟಿಸಿ ಹೋದರು. ಶೇ 4. ಅಂಚಿನಿಂದ ಸೋರುತ್ತಿದ್ದ ಬೆಳಕನ್ನೂ, ಸಾಧನವಿಟ್ಟು ಎಲ್ಲ ಕಡೆಯ ಬೆಳಕು ಅಳೆಯುವ ಗೋಳ ಎಣಿಸುತ್ತಿತ್ತು.

ಅಂತಸ್ತಿನ ಮೇಲೆ ಅಂತಸ್ತು

ಟ್ಯಾಂಡೆಮ್ ಒಎಲ್‌ಇಡಿ ಅಂದರೆ ಎರಡು ಸಾಧನಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಆವೇಶ ಹುಟ್ಟಿಸುವ ತೆಳು ಪದರ ಇಡುವುದು. ಜಪಾನಿನ ಯಮಗತಾ ವಿಶ್ವವಿದ್ಯಾಲಯದ ಜುಂಜಿ ಕಿಡೊ ಬಳಗ 2003ರಲ್ಲಿ ಇದನ್ನು ಮುಂದಿಟ್ಟಿತು. ಒಂದೇ ಎಲೆಕ್ಟ್ರಾನಿನ ದಾರಿಯಲ್ಲಿ ಎರಡು ಫೋಟಾನ್ ಹುಟ್ಟುವುದರಿಂದ ಇಕ್ಯೂಇ ಶೇ 100 ದಾಟುವುದಕ್ಕೂ ಸಿದ್ಧಾಂತದಲ್ಲಿ ಅಡ್ಡಿಯಿಲ್ಲ. ಇದನ್ನು ಓದಿ ಮರುಳಾಗಬೇಡಿ. ವೋಲ್ಟೇಜೂ ದುಪ್ಪಟ್ಟು. ಬೇರೆಲ್ಲ ಸಮವಿದ್ದರೆ ಲ್ಯೂಮೆನ್ ಪ್ರತಿ ವ್ಯಾಟ್ ಇದ್ದಲ್ಲೇ ಇರುತ್ತದೆ.

ಹಾಗಿದ್ದರೆ 2024ರ ಐಪ್ಯಾಡ್ ಪ್ರೋಗೆ ಆಪಲ್ ಯಾಕೆ ಟ್ಯಾಂಡೆಮ್ ಹಾಕಿತು? ಲಾಭ ಇರುವುದು ಆಯಸ್ಸಿನಲ್ಲಿ. ಅದೇ ಬೆಳಕಿಗೆ ಅರ್ಧ ಕರೆಂಟ್ ಸಾಕು; ಬೆಳಕು ಅರ್ಧವಾದರೆ ಒಎಲ್‌ಇಡಿ ಆಯಸ್ಸು ಸುಮಾರು ಮೂರರಿಂದ ನಾಲ್ಕು ಪಟ್ಟು ಹೆಚ್ಚುತ್ತದೆ. ಕಡಿಮೆ ಕರೆಂಟಿನಲ್ಲಿ ರೋಲ್-ಆಫ್ ಕೂಡ ಕಡಿಮೆ. ಮೇಲಾಗಿ ಪರದೆಯಲ್ಲಿ ಪ್ರತಿ ಪಿಕ್ಸೆಲಿಗೆ ಒಂದು ಟ್ರಾನ್ಸಿಸ್ಟರ್ ಕಾವಲಿದೆ, ಅದೂ ತನ್ನ ಪಾಲಿನ ವೋಲ್ಟೇಜ್ ತಿನ್ನುತ್ತದೆ. ಎರಡು ಅಂತಸ್ತಿಗೂ ಆ ಕಾವಲುಗಾರ ಒಬ್ಬನೇ, ಸಂಬಳವೂ ಒಂದೇ. ಹಾಗಾಗಿ ಬಿಡಿ ಸಾಧನದಲ್ಲಿ ಕಾಣದ ಉಳಿತಾಯ ಇಡೀ ಫಲಕದಲ್ಲಿ ಕಾಣುತ್ತದೆ. ಕಾರಿನ ಪರದೆ, ದಿನವಿಡೀ ಉರಿಯುವ ಲ್ಯಾಪ್‌ಟಾಪ್, ಟಿವಿ ಇವಕ್ಕೆಲ್ಲ ಇದೇ ಸರಿ. ಕಾಲೇಜು ಪ್ರಯೋಗಾಲಯಕ್ಕೆ ನಾನು ಹೇಳುವುದಿಲ್ಲ. ಹನ್ನೆರಡು ಹದಿನೈದು ಪದರಗಳಲ್ಲಿ ಒಂದು ಕೆಟ್ಟರೆ ಯಾವುದು ಕೆಟ್ಟಿತೆಂದು ಹುಡುಕುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ.

ಪರದೆಯ ಮೇಲಿನ ಕನ್ನಡಕ

ಬಿಸಿಲಿನಲ್ಲಿ ಪರದೆ ಕನ್ನಡಿಯಾಗದಿರಲಿ ಎಂದು ಒಎಲ್‌ಇಡಿ ಫೋನ್‌ಗಳ ಮೇಲೆ ವೃತ್ತೀಯ ಧ್ರುವಕ ಹಾಳೆ ಹಾಕುತ್ತಾರೆ. ಹೊರಗಿನ ಪ್ರತಿಫಲನವನ್ನು ನುಂಗುವ ಅದು ಒಳಗಿನಿಂದ ಬರುವ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನೂ ನುಂಗುತ್ತದೆ. ರಸಾಯನಶಾಸ್ತ್ರಜ್ಞರು ಹತ್ತು ವರ್ಷ ಬೆವರು ಸುರಿಸಿ ಗಳಿಸಿದ ಶೇಕಡಾವಾರನ್ನು ಒಂದು ಪ್ಲಾಸ್ಟಿಕ್ ಹಾಳೆ ತಿಂದು ಕೂರುತ್ತದೆ. ಸ್ಯಾಮ್ಸಂಗ್ ಡಿಸ್‌ಪ್ಲೇ 2021ರ ಗ್ಯಾಲಕ್ಸಿ ಝಡ್ ಫೋಲ್ಡ್3ರಲ್ಲಿ ಹಾಳೆ ಕಿತ್ತು, ಅದರ ಜಾಗದಲ್ಲಿ ಪಿಕ್ಸೆಲ್‌ಗಳ ಮೇಲೇ ಬಣ್ಣದ ಫಿಲ್ಟರ್ ಮತ್ತು ಕಪ್ಪು ಗೆರೆಗಳನ್ನು ಇಟ್ಟಿತು. ಕಂಪನಿ ಹೇಳಿದ್ದು ಬೆಳಕಿನ ಪ್ರಸರಣ ಶೇ 33 ಹೆಚ್ಚು, ವಿದ್ಯುತ್ ಶೇ 25 ಕಡಿಮೆ. ಹೊಸ ಅಣು ಒಂದೂ ಇಲ್ಲ.

ನಿಮ್ಮ ಕೈಗೆ ಯಾವುದು

ಕೊಳ್ಳುವವರಿಗೆ ಎರಡು ಮಾತು ಸಾಕು. ಫೋನ್ ಕೊಳ್ಳುವಾಗ ಅಣುವಿನ ತಲೆಮಾರು ಕೇಳಬೇಡಿ, ಯಾರೂ ಹೇಳುವುದಿಲ್ಲ. ಧ್ರುವಕವಿಲ್ಲದ ಫಲಕವೇ, ಎಲ್‌ಟಿಪಿಒ ಇದೆಯೇ ನೋಡಿ. ಪರದೆ ಸುಮ್ಮನಿದ್ದಾಗ ರಿಫ್ರೆಶ್ ದರವನ್ನು 1 ಹರ್ಟ್ಝ್‌ವರೆಗೆ ಇಳಿಸುವುದು ಎಲ್‌ಟಿಪಿಒ. ಐದು ವರ್ಷ ಇಟ್ಟುಕೊಳ್ಳುವ ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಆದರೆ ಟ್ಯಾಂಡೆಮ್‌ಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಮನೆಯ ದೀಪಕ್ಕೆ ಒಎಲ್‌ಇಡಿ ಬೇಡ. 2009ರಲ್ಲೇ ಡ್ರೆಸ್ಡೆನ್ ತಂಡ ಬಿಳಿ ಒಎಲ್‌ಇಡಿಯಿಂದ 1000 ನಿಟ್‌ನಲ್ಲಿ 90 ಲ್ಯೂಮೆನ್ ಪ್ರತಿ ವ್ಯಾಟ್ ತೆಗೆದು ಟ್ಯೂಬ್‌ಲೈಟಿಗೆ ಸಮ ಬಂದಿತ್ತು. ಅಷ್ಟರಲ್ಲಿ ಸಾಮಾನ್ಯ ಎಲ್‌ಇಡಿ ಮುಂದೆ ಓಡಿತ್ತು. ಇವತ್ತು ಬೀದಿಬದಿಯಲ್ಲಿ ನೂರು ರೂಪಾಯಿಗೆ ಸಿಗುವ ಬಲ್ಬೇ ಆ ಅಂಕಿಯ ಸುತ್ತಮುತ್ತ ಇದೆ.

ಸಾಧನ ಮಾಡುವವರಿಗೆ ನನ್ನ ಸಲಹೆ ಸಲಕರಣೆಗೆ ತಕ್ಕಂತೆ. ದ್ರಾವಣವನ್ನು ಗಿರಗಿರ ತಿರುಗಿಸಿ ತೆಳು ಪದರ ಮಾಡುವ ಸ್ಪಿನ್ ಕೋಟರ್ ಮಾತ್ರ ಇದ್ದರೆ ದ್ರಾವಣದಲ್ಲಿ ಹಾಕಬಲ್ಲ ಟಿಎಡಿಎಫ್ ಹಿಡಿದು, ದಪ್ಪ ಮತ್ತು ಆತಿಥೇಯ ಅಣುವಿನ ಮೇಲೆ ಕೆಲಸ ಮಾಡಿ. ಎರಡು ಮೂಲಗಳ ಆವಿ ಕೋಣೆ ಇದ್ದರೆ ಇರಿಡಿಯಮ್ ಹಸಿರು ಸಾಧನವೊಂದನ್ನು ಮಾನದಂಡವಾಗಿ ಕಟ್ಟಿಟ್ಟುಕೊಂಡು ವೋಲ್ಟೇಜ್ ಇಳಿಸುವುದರ ಹಿಂದೆ ಬೀಳಿ. ತೇವ, ಗಾಳಿ ಸೇರದ ಗ್ಲೋವ್ ಬಾಕ್ಸ್ ಎಂಬ ಪೆಟ್ಟಿಗೆ ಇಲ್ಲದಿದ್ದರೆ ದಕ್ಷತೆಯ ಮಾತೇ ಆಮೇಲೆ. ಮಂಗಳೂರಿನಂಥ ಕಡೆ ಮಳೆಗಾಲದ ತೇವಕ್ಕೆ ಗಂಟೆಗಳಲ್ಲೇ ಪಿಕ್ಸೆಲಿನ ಮೇಲೆ ಕಪ್ಪು ಚುಕ್ಕೆ ಏಳುತ್ತದೆ, ಮೊದಲು ಸೀಲ್ ಮಾಡುವುದನ್ನು ಕಲಿಯಿರಿ.

ಯಾವುದನ್ನೇ ಆರಿಸಿ, ಹೊಸ ವಸ್ತುವಿಗೆ ಆರ್ಡರ್ ಹಾಕುವ ಮೊದಲು ಇದೊಂದು ಪರೀಕ್ಷೆ ಮಾಡಿ. ಪಿಕ್ಸೆಲಿಗಿಂತ ಎಷ್ಟೋ ದೊಡ್ಡದಾದ ಅರ್ಧಗೋಳದ ಗಾಜಿನ ಮಸೂರವೊಂದನ್ನು ತಂದು, ನಡುವೆ ಒಂದು ಹನಿ ಗ್ಲಿಸರಿನ್ ಬಿಟ್ಟು ನಿಮ್ಮ ಸಾಧನದ ಗಾಜಿಗೆ ಅಂಟಿಸಿ. ಗ್ಲಿಸರಿನ್‌ನ ಸೂಚ್ಯಂಕ 1.47, ಗಾಜಿಗೆ ಹತ್ತಿರ, ಆದ್ದರಿಂದ ಗಾಜಿನಲ್ಲಿ ಸಿಕ್ಕಿದ್ದ ಬೆಳಕು ಮಸೂರದಿಂದ ಹೊರಗೆ ಬರುತ್ತದೆ. ಅಂಚಿಗೆ ಕಪ್ಪು ಟೇಪ್ ಮರೆಯಬೇಡಿ. ಒಟ್ಟು ಬೆಳಕು ಒಂದೂವರೆ ಪಟ್ಟೋ ಎರಡು ಪಟ್ಟೋ ಆಗಿ ಇಕ್ಯೂಇಯೂ ಒಳ್ಳೆಯ ಮಟ್ಟಕ್ಕೆ ಬಂದರೆ ನಿಮ್ಮ ಅಣು ಚೆನ್ನಾಗಿಯೇ ಇದೆ, ಕೆಲಸ ಇರುವುದು ಗಾಜಿನಲ್ಲಿ. ಏರಿದರೂ ಒಟ್ಟು ಇಕ್ಯೂಇ ಇನ್ನೂ ಶೇ 2, 3ರಲ್ಲೇ ಇದ್ದರೆ ಬೆಳಕು ಹುಟ್ಟುತ್ತಲೇ ಇಲ್ಲ. ಮೇಲಿನ ಮೂರು ತೂಬುಗಳ ಕಡೆ ಹಿಂದಿರುಗಿ, ಎಲೆಕ್ಟ್ರಾನ್-ಹೋಲ್ ಜೋಡಿಯಿಂದ ಶುರುಮಾಡಿ.